ಗಡಿ ದಾಟದ ಪಿಸ್ತೂಲು

ನನ್ನ ತಮ್ಮ ವೆಂಡೆಲ್ ಅಮೆರಿಕದ ಮೊಂಟಾನಾದಲ್ಲಿ, ಹೆದ್ದಾರಿ ಬದಿಯಲ್ಲಿ ಲಾರಿ ನಿಲ್ಲಿಸಿಕೊಂಡು, ಪಿಸ್ತೂಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗಡಿಯ ಈಚೆ, ಕೆನಡಾದ ಆಲ್ಬರ್ಟಾದಲ್ಲಿ, ನಾನು ಮದುವೆಯಾಗಿ ಬಂದ ಊರಿನ ಆಸ್ಪತ್ರೆಯಲ್ಲಿ ಅಮ್ಮ ಕೊನೆಯ ಗಳಿಗೆ ಎಣಿಸುತ್ತಿದ್ದಳು. ನಡುವೆ ಬರೀ ಇಪ್ಪತ್ತು ಮೈಲಿ. ಪಿಸ್ತೂಲು ಒಳಗೆ ತರುವಂತಿಲ್ಲ ಎಂದು ಗಡಿಯವರು ಅವನನ್ನು ವಾಪಸ್ ಕಳಿಸಿದ್ದರು. ಆ ಕಡೆ ಇರ್ಮಾಳ ಬಾರಿನಲ್ಲಿ ಒಂದು ಡ್ರಾಯರಿದೆ; ನಮ್ಮ ಕಡೆ ಬರುವವರೆಲ್ಲ ಅದರಲ್ಲಿ ಪಿಸ್ತೂಲಿಟ್ಟು, ಚೀಟಿ ಇಸಕೊಂಡು ಬರುತ್ತಾರೆ. ಈ ಮಹಾಶಯನಿಗೆ ಅದು ಅವಮಾನವಂತೆ.

ನಾನೇ ಕಾರು ತೆಗೆದುಕೊಂಡು ಹೋದೆ.

"ಇರ್ಮಾ ಹತ್ರ ಕೊಟ್ಟು ಬಾರೋ. ಅಮ್ಮ ನಿನ್ನನ್ನೇ ಕೇಳ್ತಿದಾಳೆ."

"ಅಕ್ಕಾ, ಇದು ತಾತಂದು. ಇದನ್ನ ಹಿಡ್ಕೊಂಡೇ ಅವ್ನು ಈ ನೆಲ ಗೆದ್ದಿದ್ದು. ಆಗ ಇಲ್ಲಿ ಪೊಲೀಸೂ ಇರ್ಲಿಲ್ಲ, ಕೋರ್ಟೂ ಇರ್ಲಿಲ್ಲ. ನಿಮ್ಮ ಕಡೆಯವ್ರಿಗೆ ಅದೆಲ್ಲಿ ಅರ್ಥ ಆಗ್ಬೇಕು? ಕೆಂಪು ಕೋಟಿನ ಪೊಲೀಸು ಮುಂದೆ, ನೀವು ಹಿಂದೆ. ಕುರಿಗಳು!"

"ಸಾಕು ಸುಮ್ನಿರೋ. ನೆಲಕ್ಕೆ ಬೇಲಿ ಹಾಕಿ ಇಪ್ಪತ್ತು ವರ್ಷ ಆದ್ಮೇಲೆ ತಾತ ಅದನ್ನ ಅಂಚೇಲಿ ತರಿಸಿದ್ದು. ಅದ್ರಲ್ಲಿ ಅವ್ನು ಹೊಡ್ದಿದ್ದು ಒಂದೇ ಸಲ, ತನ್ನ ಕಾಲಿನ ಹೆಬ್ಬೆರಳಿಗೆ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಇವನದು. "ನನ್ನ ಹಕ್ಕು ಬಿಟ್ಟು ಬರಲ್ಲ," ಎಂದ.

ನಮ್ಮ ಕಡೆಯವರೇನೂ ಸಾಚಾಗಳಲ್ಲ. ಇಲ್ಲಿ ಪೊಲೀಸರು ಮೊದಲು ಬಂದರು, ಒಕ್ಕಲು ಆಮೇಲೆ. ಅದಕ್ಕೇ ಮನೆಗೆ ಕಳ್ಳ ನುಗ್ಗಿದರೂ ನನ್ನ ಗಂಡ ಮೊದಲು ಅರ್ಜಿ ಹುಡುಕುತ್ತಾನೆ. ನೆಲದ ಮೂಲ ಒಡೆಯರನ್ನು ಆ ಕಡೆಯವರು ಗುಂಡಿಟ್ಟು ಓಡಿಸಿದರು, ನಾವು ಒಪ್ಪಂದದ ಕಾಗದಕ್ಕೆ ಗುರುತು ಹಾಕಿಸಿಕೊಂಡು ಓಡಿಸಿದೆವು. ಆದರೆ ಸಾಯುವ ತಾಯಿಗಿಂತ ಕಬ್ಬಿಣದ ತುಂಡು ದೊಡ್ಡದೆನ್ನುವವನನ್ನು ನಾನು ಎಲ್ಲೂ ಕಂಡಿರಲಿಲ್ಲ. ಥೂ ಎಂದು ತಿರುಗಿ ಬಂದೆ.

ಸಂಜೆ ಐದಕ್ಕೆ ಅಮ್ಮ ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿದಳು. ಒಂದು ಮಾತು ಕೇಳಿದಳು, ನಾನು ಉತ್ತರ ಕೊಟ್ಟೆ. ಆರಕ್ಕೆ ಹೋಗಿಬಿಟ್ಟಳು.

ಮರುದಿನ ಮಧ್ಯಾಹ್ನ ವೆಂಡೆಲ್ ಬಂದ. ಅಂಗಿಯ ಜೇಬಿನಲ್ಲಿ ಇರ್ಮಾಳ ಚೀಟಿ ಇಣುಕುತ್ತಿತ್ತು. ಶವಪೆಟ್ಟಿಗೆಯ ಪಕ್ಕ ಟೋಪಿ ಹಿಸುಕುತ್ತಾ ನಿಂತ.

"ಅಮ್ಮ ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ ಅಕ್ಕಾ?"

"ಕೇಳಿದ್ಲು. ದಾರೀಲಿ ನಿನ್ನ ಯಾರಾದ್ರೂ ಅಡ್ಡಗಟ್ಟಿ ಏನಾದ್ರೂ ಮಾಡಿದ್ರಾ ಅಂತ."

"ನೀನೇನಂದೆ?"

"ಹೆದರ್ಬೇಡಮ್ಮ, ಅವ್ನ ಹತ್ರ ಪಿಸ್ತೂಲಿದೆ ಅಂದೆ."