ಪೆಟ್ರೋಲಿಗೆ ಬಾವಿನೀರು

ಪೆಟ್ರೋಲು ಲೀಟರಿಗೆ ನೂರರ ಮೇಲೆ. ಅದರಲ್ಲಿ ಐದರಲ್ಲೊಂದು ಪಾಲು ಎಥನಾಲ್, ಕೇರಿಯವರ ಬಾಯಲ್ಲಿ ಸ್ಪಿರಿಟ್ಟು. ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿದರೆ ಎಂಟುನೂರು. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಎಂಜಿನ್ ನಿಂತು ದೋಣಿ ಮಗುಚಿದರೆ, ಅದಕ್ಕೆ ಉಪ್ಪುಂದದಲ್ಲಿ ಯಾರೂ ಬೆಲೆ ಕಟ್ಟಿಲ್ಲ.

ಪ್ರಫುಲ್ಲಾಳ ದೋಣಿ ಹಿಂದಿನ ವಾರ ಅಲ್ಲೇ ನಿಂತಿತ್ತು. ಗಂಡ ಲೀಲಾಧರ ಹುಟ್ಟು ಹಾಕಿ ಹೇಗೋ ದಡ ಸೇರಿಸಿದ. ಟ್ಯಾಂಕಿನಲ್ಲಿದ್ದುದನ್ನು ಬಾಟಲಿಗೆ ಬಗ್ಗಿಸಿದರೆ ಎರಡು ಪದರ. ಕಡಲ ಪಸೆ ಹೀರಿದ ಸ್ಪಿರಿಟ್ಟು ಪೆಟ್ರೋಲಿನ ಸಂಗ ಬಿಟ್ಟು ತಳಕ್ಕಿಳಿದಿತ್ತು. ಎಂಜಿನ್ ಎಳೆದದ್ದು ಆ ತಳವನ್ನೇ.

ಮೀನಿನ ದಲ್ಲಾಳಿ ಸುಧಾಕರ ಅದೇ ಸಂಜೆ ಬಂದ.

"ದೋಣಿ ನಂಗ್ ಕೊಡಿ, ಪ್ರಫುಲ್ಲಕ್ಕ. ಎಂಜಿನ್ ಹೋಯ್ತಂಬ್ರ್."

"ಎಂಜಿನ್ ಹೋಯ್ಲಿಲ್ಲ. ದೋಣಿ ಕೊಡುದೂ ಇಲ್ಲ."

ಅವಳ ಯೋಚನೆ ನೇರ. ಸ್ಪಿರಿಟ್ಟಿಗೆ ನೀರಿನ ಚಪಲ. ಕಡಲಲ್ಲಿ ಕುಡಿಯುವುದನ್ನು ದಡದಲ್ಲೇ ಕುಡಿಸಿ, ತಳಕ್ಕಿಳಿದದ್ದನ್ನು ಕ್ಯಾನಿನ ನಲ್ಲಿಯಿಂದ ಬಿಟ್ಟರಾಯಿತು. ಲೀಲಾಧರ ಒಪ್ಪಿದ, ಕೈಗೆ ಸಿಕ್ಕಿದ ನೀರನ್ನೇ ಸುರಿದ. ದಡದಲ್ಲಿ ನಿಂತವನ ಕೈಗೆ ಸಿಗುವುದು ಯಾವ ನೀರು? ಎರಡೇ ದಿನಕ್ಕೆ ಕಾರ್ಬ್ಯುರೇಟರಿನೊಳಗೆ ಉಪ್ಪಿನ ಪುಡಿ. ಕೇರಿಯೆಲ್ಲ ನಕ್ಕಿತು.

ಪ್ರಫುಲ್ಲಾ ಮತ್ತೆ ಎಂಟುನೂರು ಕೊಟ್ಟಳು. ಮನೆಯ ಬಾವಿಯಿಂದ ಕೊಡ ತುಂಬಿ ಸೊಂಟದಲ್ಲಿಟ್ಟುಕೊಂಡು ದಡಕ್ಕೆ ಬಂದಳು.

"ಹ್ವಾಯ್, ಪೆಟ್ರೋಲಿಗೆ ನೀರ್ ಮೀಸುಕೆ ಹೊರ್ಟ್ರ್ಯಾ?" ಸುಧಾಕರ ಕೂಗಿದ. "ಅರಿಶಿನ ತರ್ಲಿಲ್ಯಾ?"

"ನೀರ್ ಉಳಿದ್ರೆ ಕೊಡ್ತೆ. ನಿಮ್ಮ್ ಬಾಯಿ ತೊಳ್ಕಣಿ."

ಪೆಟ್ರೋಲಿನ ಕ್ಯಾನಿಗೆ ನೀರು ಸುರಿದು ಕುಲುಕಿ, ತಿಳಿಯಾಗುವವರೆಗೆ ಕಾದು, ನಲ್ಲಿ ತಿರುಗಿಸಿದಳು. ಸ್ಪಿರಿಟ್ಟು ಬೆರೆತ ತಳದ ನೀರು ಗುಂಡಿಗೆ ಹರಿಯುವುದನ್ನು ಕಂಡು, ಬಲೆ ಎಳೆಯುವ ಸೂರನ ಮುಖ ಸಪ್ಪಗಾಯಿತು. ಹಿಡಿದ ಮೀನಿನ ಹಣದಲ್ಲಿ ಮೊದಲು ಪೆಟ್ರೋಲಿನ ಖರ್ಚು ಮುರಿದು, ಉಳಿದದ್ದನ್ನು ದೋಣಿಗೊಂದು, ಬಲೆಗೊಂದು, ಆಳಿಗೊಂದು ಪಾಲು ಹಾಕುವುದು ಇಲ್ಲಿಯ ಪದ್ಧತಿ.

"ಈ ಚೆಲ್ಲಿದ್ದ್ ಯಾರ್ ಲೆಕ್ಕಕ್ಕೆ, ಅಕ್ಕ?"

"ನನ್ನ್ ದೋಣಿ ಪಾಲಿಗೆ. ನಿಮ್ಮ್ ಪಾಲ್ ಮುಟ್ಟುದಿಲ್ಲ."

"ಹಂಗಾರೆ ಹೋಪ," ಎಂದು ಸೂರ ಲೀಲಾಧರನ ಜೊತೆ ದೋಣಿಗೆ ಹೆಗಲು ಕೊಟ್ಟ.

ಸ್ಪಿರಿಟ್ಟು ಕಳೆದ ಪೆಟ್ರೋಲಿನಲ್ಲಿ ಎಂಜಿನ್ನಿಗೆ ಮೊದಲಿನ ಕಸುವಿರಲಿಲ್ಲ, ಸ್ವಲ್ಪ ಕುಟ್ಟುತ್ತಲೂ ಇತ್ತು. ಅಳಿವೆಯಲ್ಲಿ ಒಂದರ ಹಿಂದೊಂದು ತೆರೆ ಏರಿ ಬಂದಾಗ ಪ್ರಫುಲ್ಲಾ ಖಾಲಿ ಕೊಡವನ್ನು ಎದೆಗವಚಿಕೊಂಡು ದಡದಲ್ಲಿ ನಿಂತಿದ್ದಳು. ಸದ್ದು ನಿಲ್ಲಲಿಲ್ಲ. ದೋಣಿ ಆಚೆ ದಾಟಿತು. ಮಧ್ಯಾಹ್ನ ಬಂಗುಡೆ ಮೀನು ಹೊತ್ತು ಅದೇ ದಾರಿಯಲ್ಲಿ ಮರಳಿತು.

ಸುಧಾಕರ ಬುಟ್ಟಿ ಹಿಡಿದು ಕಾಯುತ್ತಿದ್ದ. ಈ ಸಲ ಮೀನಿನ ದರ ಮಾತ್ರ ಕೇಳಿದ.

ಹೋದದ್ದು ಐದು ಲೀಟರಿನಲ್ಲಿ ಒಂದು ಲೀಟರು, ಅದೂ ಅವಳ ಪಾಲಿನದೇ. ಉಳಿದದ್ದು ದೋಣಿ, ಅದರೊಳಗಿನ ಜನ.