ಮೂರು ಸಲ ಕರೆಯದ ಹೆಸರುಗಳು

ತೇನೋಸ್ ದ್ವೀಪದ ನಾಯಕ ಲ್ಯೂಕರೋಸ್ ದನ ಸೂರೆಮಾಡಲು ಹೋಗಿದ್ದ ಥ್ರೇಸಿನ ಕರಾವಳಿಯಿಂದ ಮರಳಿದ ಒಂಬತ್ತನೆಯ ದಿನ, ಮಡಿದವರ ಹೆಸರಿನ ಮಧ್ಯಾಹ್ನದ ಊಟಕ್ಕೆ ನನ್ನನ್ನು ಹಾಡಲು ಕರೆಸಿದ. ಅವನ ಹಡಗಿನಲ್ಲಿ ಹುಟ್ಟು ಹಾಕಿದ ಇಪ್ಪತ್ತು ಮಂದಿಯಲ್ಲಿ ಹನ್ನೊಂದು ಜನ ಅಲ್ಲಿನ ಮರಳಿನ ಮೇಲೆಯೇ ಬಿದ್ದಿದ್ದರು. ಅವರ ತಂದೆಯಂದಿರು ಅಂಗಳದಲ್ಲಿ ಸಾಲಾಗಿ ಕುಳಿತು, ಬಾರ್ಲಿ ರೊಟ್ಟಿಯನ್ನು ಮುರಿಯದೆ ಕೈಯಲ್ಲಿ ಹಿಡಿದುಕೊಂಡಿದ್ದರು.

ಕಾವ್ಯದೇವಿಯನ್ನು ನೆನೆದು ತಂತಿ ಮೀಟಿದೆ. ಇಂಥ ಸಂದರ್ಭಕ್ಕೆ ಹಿರಿಯರಿಂದ ಬಂದ ಸಾಲುಗಳಿವೆ. ಅವು ತಾವಾಗಿಯೇ ನಾಲಿಗೆಗೆ ಇಳಿಯುತ್ತವೆ. ಅನುಚರರು ತಮ್ಮ ಅವಿವೇಕದಿಂದಲೇ ಅಳಿದರು, ಅವರನ್ನು ಉಳಿಸಲು ನಾಯಕ ಹೆಣಗಿದ ಎಂದು ಹಾಡಿದೆ. ಹಡಗಿನ ಹಗ್ಗ ಬಿಚ್ಚುವ ಮುನ್ನ ಮಡಿದ ಒಬ್ಬೊಬ್ಬನ ಹೆಸರನ್ನೂ ಮೂರು ಸಲ ಕೂಗಿದ ಎಂದೂ ಹಾಡಿದೆ. ಪರನಾಡಿನಲ್ಲಿ ಸತ್ತವನ ಪ್ರಾಣ ತನ್ನ ನಾಯಕನ ಆ ಕೂಗನ್ನು ಹಿಡಿದೇ ಊರು ಸೇರಬೇಕು. ಕೂಗದಿದ್ದರೆ ಅದು ಅಲ್ಲಿಯೇ ಅಲೆಯುತ್ತದೆ. ಕೂಗಿದ್ದು ನಿಜವೇ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಯಾವ ನಾಯಕ ತಾನೇ ಕೂಗದೆ ಬಂದಾನು?

ಬದುಕಿ ಬಂದ ಒಂಬತ್ತು ಮಂದಿ ತಲೆ ತಗ್ಗಿಸಿದರು.

"ನಿಲ್ಸಯ್ಯಾ," ಎಂದ ಲ್ಯೂಕರೋಸ್. "ನಾನು ಕೂಗ್ಲಿಲ್ಲ."

ನನ್ನ ಬೆರಳು ತಂತಿಯ ಮೇಲೆಯೇ ನಿಂತಿತು. ಅವನು ತಂದೆಯಂದಿರ ಕಡೆ ತಿರುಗಿದ.

"ಸಂಜೆನೇ ಹೊರಡೋಣ ದೊರೆ ಅಂತ ನಿಮ್ಮ ಹುಡುಗ್ರು ಅಂದ್ರು. ಇನ್ನೊಂದು ಹಿಂಡು ದನ ಸಿಗುತ್ತೆ, ಇರಿ ಅಂದವನು ನಾನೇ. ಬೆಳಗಾಗೋದ್ರೊಳಗೆ ಥ್ರೇಸಿನವರು ಮೇಲೆ ಬಿದ್ರು. ಕತ್ತೀಲಿ ಹಗ್ಗ ಕಡಿದು ಓಡಿಬಂದೆ. ಅವಿವೇಕ ಅವರದ್ದಲ್ಲ, ನನ್ನದು."

ಮಡಿದವರಲ್ಲಿ ಒಬ್ಬನಾದ ತಿಮೊನಾಕ್ಸನ ತಂದೆ, ಮುದಿ ಬೆಸ್ತ ಮಿಕೋನ್, ಎದ್ದು ನಿಂತ.

"ಹಾಗಾದ್ರೆ ನನ್ ಮಗ ಇನ್ನೂ ಅಲ್ಲೇ ಇದಾನೆ?"

"ಅಲ್ಲೇ ಇದಾನೆ ಮಿಕೋನಣ್ಣ. ವಾಪಸ್ ಹೋಗಿ ಕೂಗ್ತೀನಿ. ಒಬ್ನೇ ಹೋಗ್ತೀನಿ."

"ಇಪ್ಪತ್ತು ಹುಟ್ಟಿನ ಹಡಗನ್ನ ಒಬ್ನೇ ನಡೆಸ್ತೀಯಾ? ಅಷ್ಟೆಲ್ಲಾ ಆದ್ರೂ ಜಂಬ ಇಳಿದಿಲ್ಲ ನೋಡು!" ಮುದುಕ ರೊಟ್ಟಿಯನ್ನು ಮಡಿಲಿಗೆ ಸೇರಿಸಿಕೊಂಡ. "ಹನ್ನೊಂದು ಹುಟ್ಟು ಖಾಲಿ ಇವೆ. ನಾವೂ ಹನ್ನೊಂದು ಜನ ಇದೀವಿ."

"ನಿನ್ ಮೊಣಕಾಲು ಮಡಚೋದೇ ಇಲ್ವಲ್ಲೋ," ಎಂದ ಪಕ್ಕದವನು.

"ಕೂತ್ಕೊಂಡು ತಾನೆ ಹುಟ್ಟು ಹಾಕೋದು? ಸುಮ್ನಿರು, ನಿನ್ ಸೊಂಟ ನೋಡ್ಕೋ."

ಬದುಕಿ ಬಂದವರೂ ಎದ್ದರು. ಸುಳ್ಳು ಸಾಲು ನನ್ನದಾಗಿದ್ದರಿಂದ ನಾನೂ ಹಡಗು ಹತ್ತಿದೆ.

ಆರನೆಯ ದಿನ ಬೆಳಿಗ್ಗೆ ಥ್ರೇಸಿನ ದಂಡೆ ಕಂಡಿತು. ಗುಡ್ಡದ ನೆತ್ತಿಯಲ್ಲಿ ಈಟಿ ಹಿಡಿದವರು ಆಗಲೇ ಸಾಲುಗಟ್ಟಿದ್ದರು. ಲ್ಯೂಕರೋಸ್ ಕತ್ತಿಯನ್ನೂ ಗುರಾಣಿಯನ್ನೂ ಹಡಗಿನಲ್ಲಿಯೇ ಬಿಟ್ಟು ನೀರಿಗಿಳಿದು, ಮರಳಿನ ಮೇಲೆ ಒಬ್ಬನೇ ನಿಂತು ಕೂಗತೊಡಗಿದ. ಒಂದೊಂದು ಹೆಸರೂ ಗುಡ್ಡಕ್ಕೆ ತಾಗಿ ಮರಳುತ್ತಿತ್ತು. ಕೂಗು ಏನೆಂದು ಈಟಿಯವರಿಗೂ ತಿಳಿದಿರಬೇಕು. ಒಬ್ಬೊಬ್ಬರಾಗಿ ಈಟಿಯ ಮೊನೆಯನ್ನು ನೆಲಕ್ಕೆ ತಿರುಗಿಸಿದರು. ಕೂಗು ಕೂಗಿನ ನಡುವೆ ದಂಡೆ ಸ್ತಬ್ಧವಾಗುತ್ತಿತ್ತು. ದೇವತೆಗಳು ನಡೆದುಹೋಗುವಾಗ ಇಂಥ ಮೌನವಿರುತ್ತದೆಂದು ಕೇಳಿದ್ದೆ.

ಕೊನೆಯ ಹೆಸರು ತಿಮೊನಾಕ್ಸನದು. ಎರಡು ಸಲ ಕೂಗುವಷ್ಟರಲ್ಲಿ ನಾಯಕನ ದನಿ ಬಿದ್ದುಹೋಯಿತು. ಅವನು ತಿರುಗಿ ಹಡಗಿನಲ್ಲಿದ್ದ ಮಿಕೋನನನ್ನು ನೋಡಿದ.

"ನನ್ನ ನೋಡ್ಬೇಡ," ಎಂದ ಮುದುಕ. "ಅವನು ನಂಬಿ ಬಂದಿದ್ದು ನಿನ್ನ. ನೀನೇ ಕರೀಬೇಕು."

ಲ್ಯೂಕರೋಸ್ ಸಮುದ್ರದ ಉಪ್ಪುನೀರನ್ನೇ ಬೊಗಸೆಯಲ್ಲಿ ಕುಡಿದು, ಮೂರನೆಯ ಸಲ ಕರೆದ. ಅದು ಕೂಗಾಗಿರಲಿಲ್ಲ, ಹರಿದ ಉಸಿರು. ಆದರೂ ನಮ್ಮೆಲ್ಲರಿಗೂ ಕೇಳಿಸಿತು.

ಅವನು ಬಂದು ಚುಕ್ಕಾಣಿ ಹಿಡಿದ. ಯಾರೂ ಹುಟ್ಟು ಎತ್ತಲಿಲ್ಲ. ಮಿಕೋನ್ ತನ್ನ ಹಲಗೆಯ ಮೇಲೆ ತುಸು ಸರಿದು, ಪಕ್ಕದಲ್ಲಿ ಒಬ್ಬ ಹುಡುಗ ಕೂರುವಷ್ಟು ಜಾಗ ಬಿಟ್ಟ. ಅವನನ್ನು ನೋಡಿ ಉಳಿದ ಹತ್ತು ಮಂದಿ ತಂದೆಯಂದಿರೂ ಸರಿದರು. ಆಮೇಲೆ ಹಡಗು ಹೊರಟಿತು.