ಮೋರಿಯ ಪಾಲು

ಮರದ ಮರಿಗೆಯ ಕೆಸರನ್ನು ನೀರಿನಲ್ಲಿ ಅಲ್ಲಾಡಿಸುತ್ತಿದ್ದ ಕರೀಮಾಬಿಯ ಕೈ ತಟ್ಟನೆ ನಿಂತಿತು. ತಳದಲ್ಲಿ, ಕಪ್ಪು ಮರಳಿನ ಅಂಚಿಗೆ, ಹಳದಿ ಪುಡಿ ಮಿನುಗುತ್ತಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಅನುಮಾನವೇ ಇಲ್ಲ, ಚಿನ್ನ.

ಅಕ್ಕಸಾಲಿಗರ ಅಂಗಡಿ ಮುಂದಿನ ಮೋರಿ ತೊಳೆದು ಚಿನ್ನದ ಪುಡಿ ಹೆಕ್ಕುವುದು ಅವಳಿಗೆ ಅತ್ತೆಯಿಂದ ಬಂದ ಕಸುಬು. ಶಿವಮೊಗ್ಗದ ಈ ಓಣಿಯ ಮೋರಿಯಿಂದಲೇ ಅವಳ ಸಂಸಾರ ನಡೆದಿತ್ತು. ಚೀನಾ ಯುದ್ಧ ಮುಗಿದ ಮೇಲೆ ಸರ್ಕಾರ ಹೊಸ ಕಾನೂನು ತಂದಿತು. ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಒಡವೆಯನ್ನು ಇನ್ನು ಯಾರೂ ಮಾಡುವಂತಿಲ್ಲ. ಯಂತ್ರ ತರಿಸಲು ಬೇಕಾದ ಪರದೇಶದ ಹಣವೆಲ್ಲ ಕಳ್ಳದಾರಿಯಲ್ಲಿ ಬರುವ ಚಿನ್ನಕ್ಕೆ ಸೋರಿಹೋಗುತ್ತಿದೆಯಂತೆ. ಇರಬಹುದು. ಆದರೆ ಅರ್ಧಕ್ಕರ್ಧ ತಾಮ್ರ ಬೆರೆತ ತಾಳಿಯನ್ನು ಯಾವ ತಾಯಿ ಮಗಳ ಕೊರಳಿಗೆ ಕಟ್ಟಿಸುತ್ತಾಳೆ? ಒಂದೊಂದೇ ಅಂಗಡಿ ಬಾಗಿಲು ಹಾಕಿತು. ಮೌನೇಶಾಚಾರ್ ಮಾತ್ರ ಹಿತ್ತಾಳೆ ಕೊಡಗಳಿಗೆ ಬೆಸುಗೆ ಹಾಕುತ್ತ, ಹಾಕಿದ್ದನ್ನು ನೋಡಿ ಮುಖ ಸಿಂಡರಿಸುತ್ತ ಕೂತಿದ್ದರು. ಮೋರಿಯಲ್ಲಿ ಬರೀ ಕೆಸರು. ಆದರೂ ಕರೀಮಾಬಿ ಬರುವುದನ್ನು ಬಿಟ್ಟಿರಲಿಲ್ಲ. ಮನೆಯಲ್ಲಿ ಕೂತು ಖಾಲಿ ಡಬ್ಬ ನೋಡುವುದಕ್ಕಿಂತ ಇದು ವಾಸಿ.

ಅವಳು ಮರಿಗೆ ಎತ್ತಿಕೊಂಡು ಮೌನೇಶಾಚಾರ್ ಅಂಗಡಿಯೊಳಗೆ ಹೋದಳು.

“ಆಚಾರ್ರೇ, ಏನಿದು?”

ಮೌನೇಶಾಚಾರ್ ಬಗ್ಗಿ ನೋಡಿದರು. “ಹಿತ್ತಾಳೆ ಕಣೆ.”

“ನಂಗೇ ಹೇಳ್ತೀರಾ?”

ಆಚಾರ್ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಭದ್ರಾವತಿ ಓಲ್ಡ್ ಟೌನಿನ ಶಾಂತಮ್ಮ ಇದಾರಲ್ಲ, ಅವರ ಮಗಳ ಮದ್ವೆ ಶುಕ್ರವಾರ. ಹಳೇ ಬಳೆ ತಂದು ಮುಂದಿಟ್ಟು ಅತ್ತುಬಿಟ್ರು. ಅವರ ತಾಳಿ ಮಾಡಿದ್ದೂ ನಾನೇ ಕಣೆ. ಹೆಂಗೆ ಇಲ್ಲ ಅನ್ಲಿ? ಬಳೆ ಕರಗ್ಸಿದೆ, ತಾಳಿ ನಿನ್ನೆ ಮುಗೀತು. ಅಗ್ಗಿಷ್ಟಿಕೆ ಬೂದೀಲಿ ಇಟ್ಟಿದ್ದೀನಿ.”

“ಮಾಡಿದ್ದು ಮಾಡಿದ್ರಿ, ಕೈ ತೊಳ್ದ ನೀರು ಮೋರೀಗೆ ಯಾಕೆ ಚೆಲ್ಲಿದ್ರಿ?”

ಆಚಾರ್ ಹಣೆ ಚಚ್ಚಿಕೊಂಡರು. ಒಡವೆ ಮುಗಿದ ದಿನ ಕೈ ತೊಳೆದ ನೀರು ಮೋರಿಯ ಪಾಲು, ಅಂದರೆ ಮೋರಿ ತೊಳೆಯುವವರ ಪಾಲು. ಅವರ ಅಪ್ಪನ ಕಾಲದಿಂದ ಆ ಅಂಗಡಿಯಲ್ಲಿ ಹಾಗೇ ನಡೆದುಬಂದಿತ್ತು. ತಾಳಿಯನ್ನು ಅಷ್ಟು ಜೋಪಾನವಾಗಿ ಬಚ್ಚಿಟ್ಟ ಮಹಾನುಭಾವರು, ಅಭ್ಯಾಸಬಲದಿಂದ ಬಟ್ಟಲನ್ನು ಬೀದಿಯ ಮೋರಿಗೇ ಮಗುಚಿಬಿಟ್ಟಿದ್ದರು.

“ಯಾರ್ಗೂ ಹೇಳ್ಬೇಡ ಮಾರಾಯ್ತಿ. ಗೊತ್ತಾದ್ರೆ ಜೈಲು.”

“ಹೇಳೋಳಾಗಿದ್ರೆ ಒಳಗೆ ಯಾಕೆ ಬರ್ತಿದ್ದೆ?” ಎಂದು ಕರೀಮಾಬಿ ಸಿಡುಕಿದಳು. ಅವರ ಮಾತು ಅವಳಿಗೆ ನಿಜವಾಗಿ ನೋವು ಮಾಡಿತ್ತು. ಹೊರಗೆ ಹೋಗಿ ಮತ್ತೆ ಮೋರಿಯ ಪಕ್ಕ ಕೂತಳು. ಮರಿಗೆಯಲ್ಲಿದ್ದದ್ದು ಸ್ವಲ್ಪವೇ. ಆದರೂ ಅದರಲ್ಲಿ ಅಕ್ಕಿ ಬರುತ್ತಿತ್ತು, ಮಕ್ಕಳು ಹೊಟ್ಟೆ ತುಂಬ ಉಣ್ಣುತ್ತಿದ್ದವು.

ಅಷ್ಟರಲ್ಲಿ ಜೀಪು ಬಂತು. ಯಾರೋ ಪುಣ್ಯಾತ್ಮರು ದೂರು ಕೊಟ್ಟಿದ್ದರು. ಇಳಿದ ಅಧಿಕಾರಿ ಇನ್ನೂ ಹುಡುಗ, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು. ಅವನ ಜವಾನರು ಅಂಗಡಿಯ ಡಬ್ಬಗಳನ್ನೆಲ್ಲ ಕೆಡವಿ ಹುಡುಕಿದರು. ಕೆಂಡವಿದ್ದ ಅಗ್ಗಿಷ್ಟಿಕೆಯ ಗೋಜಿಗೆ ಮಾತ್ರ ಯಾರೂ ಹೋಗಲಿಲ್ಲ.

“ನಿಮ್ಮ ಮೇಲೆ ನಂಗೇನೂ ಸಿಟ್ಟಿಲ್ಲ ಆಚಾರ್ರೇ,” ಎಂದ ಅಧಿಕಾರಿ. “ಭದ್ರಾವತಿ ಕಾರ್ಖಾನೆಗೆ ಇನ್ನೂ ಹೊಸ ಮೆಷಿನ್ ಬರ್ಬೇಕು. ಅದಕ್ಕೆ ಹೊರದೇಶದ ದುಡ್ಡು ಬೇಕು. ಬಂದ್ರೆ ನಿಮ್ಮ ಮಕ್ಕಳಿಗೇ ಕೆಲಸ.”

“ಸಿಗ್ಲಿ ಸ್ವಾಮಿ. ಅಲ್ಲೀವರೆಗೆ ನಾವೇನು ಮಾಡೋದು?”

ಅದಕ್ಕೆ ಉತ್ತರವನ್ನು ಮೇಲಿನವರು ಅವನಿಗೆ ಹೇಳಿಕೊಟ್ಟಿರಲಿಲ್ಲ, ಪಾಪ. ಪೆಚ್ಚಾಗಿ ಹೊರಗೆ ಬಂದವನ ಕಣ್ಣು ಕರೀಮಾಬಿಯ ಮೇಲೆ ಬಿತ್ತು. ಹುಡುಗ ಚುರುಕು.

“ಏನಮ್ಮ, ಈ ಮೋರೀಲಿ ಏನಾದ್ರೂ ಸಿಗುತ್ತಾ? ಎಲ್ಲಿ, ಅದನ್ನ ಇಲ್ಲಿ ಕೊಡು.”

ಹೊಸ್ತಿಲಲ್ಲಿದ್ದ ಆಚಾರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಏನ್ ಸಿಗುತ್ತೆ ಸಾಬ್? ನಿಮ್ಮ ಕಾನೂನು ಬಂದ್ಮೇಲೆ ಬರೀ ಗಲೀಜು. ಬಟ್ಟೆಗೆ ಹಾರೀತು, ಆಚೆ ನಿಲ್ಲಿ,” ಎನ್ನುತ್ತಲೇ ಕರೀಮಾಬಿ ಮರಿಗೆಯನ್ನು ಮೋರಿಗೆ ಬೋರಲು ಹಾಕಿ, ಅದರ ಮೇಲೆ ಪಕ್ಕದಲ್ಲಿದ್ದ ಕೊಡದ ನೀರನ್ನೆಲ್ಲ ಸುರಿದುಬಿಟ್ಟಳು. ಅಧಿಕಾರಿ ಹೌಹಾರಿ ಹಿಂದಕ್ಕೆ ಜಿಗಿದ. ಬಿಳಿ ಪ್ಯಾಂಟಿನ ತುಂಬ ಕೆಸರು. ಗೊಣಗುತ್ತ ಜೀಪು ಹತ್ತಿದ.

ಜೀಪು ಓಣಿ ತಿರುಗಿತು. ಕರೀಮಾಬಿ ನಗಲಿಲ್ಲ. ನೀರು ಹರಿದುಹೋದ ಕಡೆಗೆ ಕುಕ್ಕರುಗಾಲಲ್ಲೇ ಸರಿಯುತ್ತ ಮೋರಿಯಲ್ಲಿ ಕೈಯಾಡಿಸತೊಡಗಿದಳು. ಹಿಡಿ ಕೆಸರು ಎತ್ತಿದಳು, ನೋಡಿದಳು, ಚೆಲ್ಲಿದಳು. ಕಣ್ಣು ತುಂಬಿ ಬಂದು ಕೆಸರೂ ಸರಿಯಾಗಿ ಕಾಣುತ್ತಿರಲಿಲ್ಲ.

“ಬಾರೆ ಒಳಗೆ, ಏನಾದ್ರೂ ಕೊಡ್ತೀನಿ,” ಎಂದರು ಆಚಾರ್.

“ನಿಮ್ಮತ್ರ ಏನಿದೆ ಕೊಡೋಕೆ?”

ಆಚಾರ್ ಮಡಿ ಪಂಚೆಯ, ಜನಿವಾರದ ಮನುಷ್ಯ. ಹುಟ್ಟಿದಾಗಿನಿಂದ ಆ ಮೋರಿಯನ್ನು ದಾಟಿದ್ದರೇ ಹೊರತು ಒಂದು ದಿನವೂ ಮುಟ್ಟಿದವರಲ್ಲ. ಮೆಟ್ಟಿಲಿಳಿದು ಬಂದರು. ಪಂಚೆ ಎತ್ತಿ ಕಟ್ಟಿ, ಕರೀಮಾಬಿಯ ಪಕ್ಕದಲ್ಲಿ ಕೂತು, ಎರಡೂ ಕೈಗಳನ್ನು ಮೊಣಕೈವರೆಗೆ ಕೆಸರಿಗೆ ಇಳಿಬಿಟ್ಟರು.

“ಏನ್ ಕಳ್ಕೊಂಡ್ರಿ ಆಚಾರ್ರೇ?” ಎದುರಿನ ಚಹಾ ಅಂಗಡಿಯಿಂದ ಯಾರೋ ಕೂಗಿದರು. ಅವರು ತಲೆ ಎತ್ತಲಿಲ್ಲ.

“ಹಂಗೆ ಕಲಕ್ಬೇಡಿ, ಇನ್ನೂ ಕೆಳಗೋಗುತ್ತೆ,” ಎಂದಳು ಕರೀಮಾಬಿ. “ಮೆತ್ತಗೆ ಎತ್ತಿ.”

ಮೌನೇಶಾಚಾರ್ ಮೆತ್ತಗೆ ಎತ್ತಿದರು. ಬೊಗಸೆಯ ಸಂದಿಯಿಂದ ಕಪ್ಪು ನೀರು ಸೋರುತ್ತಿತ್ತು. ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ಅದನ್ನೇ ನೋಡುತ್ತ ಕೂತರು.